ಶನಿಯನ್ನು ತೋರಿಸಬೇಕಾದವಳು

ಮಗಳಿಗೆ ಆರು ವರ್ಷವಾಗಿದ್ದಾಗ ಅವಳಿಗೊಂದು ಮಾತು ಕೊಟ್ಟಿದ್ದೆ. ಶನಿಗ್ರಹವನ್ನು ಅದರ ಉಂಗುರದ ಸಮೇತ ನಮ್ಮ ಟೆಲಿಸ್ಕೋಪಿನಲ್ಲಿ ನಿನಗೆ ನಾನೇ ತೋರಿಸುತ್ತೇನೆ, ಬೇರೆ ಯಾರೂ ಅಲ್ಲ ಎಂದು. ಅವಳು ಅಷ್ಟಕ್ಕೆ ಬಿಡುವವಳಲ್ಲ. ಕೈ ಮೇಲೆ ಕೈ ಹಾಕಿಸಿಕೊಂಡು, "ಹಾಗಾದ್ರೆ ನೀನು ತೋರಿಸೋ ತನಕ ನಾನೂ ನೋಡಲ್ಲ" ಎಂದಳು. ಈಗ ಅವಳಿಗೆ ಹದಿಮೂರು.

ನಾನು ಕೆಲಸ ಮಾಡುವುದು ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನಲ್ಲಿ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ವಸಡು ಮಾಡಿ, ಉಜ್ಜಿ ಹೊಳಪು ಬರಿಸಿ ವಾಪಸು ಕಳಿಸುತ್ತೇವೆ. ಹೊಳಪು ಬರಿಸುವುದರಲ್ಲಿ ನನ್ನದು ಎತ್ತಿದ ಕೈ. ನಮಗೆ ಕೆಲಸ ಕಳಿಸುತ್ತಿದ್ದ ವಯಸ್ಸಾದ ಡಾಕ್ಟರೊಬ್ಬರು ಕ್ಲಿನಿಕ್ ಮುಚ್ಚಿ ಸಾಮಾನು ಖಾಲಿ ಮಾಡುವಾಗ ನನ್ನನ್ನು ಕರೆದು ಈ ಟೆಲಿಸ್ಕೋಪು ಕೊಟ್ಟರು. "ನಿನ್ನ ಕೈಲಿ ಯಾವ ವಸ್ತುವೂ ಹಾಳಾಗಲ್ಲಮ್ಮ, ತಗೊಂಡು ಹೋಗು" ಎಂದರು.

ತೋಳುದ್ದದ ದಪ್ಪ ಕೊಳವೆ. ತಳದಲ್ಲಿ ತಟ್ಟೆಯಗಲದ, ಒಳಕ್ಕೆ ಬಾಗಿದ ಕನ್ನಡಿ. ಮೇಲ್ತುದಿಯ ಪಕ್ಕದಲ್ಲಿ ಕಣ್ಣಿಡುವ ಗಾಜು, ಅದಕ್ಕೆ ಐಪೀಸು ಎನ್ನುತ್ತಾರೆ. ತಂದ ವಾರವೇ ಹಿತ್ತಲಿನಲ್ಲಿಟ್ಟು ಮಗಳಿಗೆ ಚಂದ್ರನನ್ನು ತೋರಿಸಿದೆ. ಅವಳು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಹಾವು ಬಂತೇನೋ ಎಂದು ಕೋಲು ಹಿಡಿದು ಗೋಡೆ ಹತ್ತಿದ್ದರು. ಆಗ ಶನಿ ಇದ್ದದ್ದು ಬೆಳಗಿನ ಜಾವದ ಆಕಾಶದಲ್ಲಿ. ಸಂಜೆಗೆ ಬರಲಿ, ಆಗ ತೋರಿಸುತ್ತೇನೆ ಎಂದು ಆ ಮಾತು ಕೊಟ್ಟದ್ದು.

ಶನಿ ಸಂಜೆಗೂ ಬಂತು. ಬರದೆ ಹೋದವಳು ನಾನು. ಲ್ಯಾಬು ಬಿಟ್ಟು ಎರಡು ಬಸ್ಸು ಬದಲಿಸಿ ಮನೆ ಸೇರುವಾಗ ಎಂಟು. ಎಂಟಕ್ಕೆ ಮುಂಚೆಯೇ ಶನಿ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿದಿರುತ್ತದೆ. ಬೇರೆ ತಿಂಗಳುಗಳಲ್ಲಿ ಅದು ಮೂಡಿ ಮೇಲೇರುವ ಹೊತ್ತಿಗೆ ನಾನು ಸೊಂಟ ನೆಲಕ್ಕೆ ಹಚ್ಚಿ ಮಲಗಿರುತ್ತೇನೆ. ಭಾನುವಾರ ಬಟ್ಟೆ, ಭಾನುವಾರ ಮೋಡ, ಭಾನುವಾರ ಓವರ್‌ಟೈಮ್. ಹೀಗೆ ಏಳು ವರ್ಷ. ಟೆಲಿಸ್ಕೋಪಿನ ಮೇಲೆ ಹಳೆ ಬೆಡ್‌ಶೀಟು ಹೊದಿಸಿಟ್ಟಿದ್ದೆ.

ಅದನ್ನು ತೆಗೆದವಳು ನನ್ನ ವಾರಗಿತ್ತಿ.

ನನ್ನ ಮೈದುನನಿಗೆ ಮದುವೆಯಾಗಿ ಎರಡು ವರ್ಷ. ಅವರು ಮೇಲಿನ ಮನೆ, ನಾವು ಕೆಳಗಿನ ಮನೆ, ಹಿತ್ತಲು ಇಬ್ಬರಿಗೂ ಒಂದೇ. ಅವಳಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ, ಬೆಳಗ್ಗೆ ಆರರ ಶಿಫ್ಟು. ಎರಡು ಗಂಟೆಗೆ ಮುಗಿಸಿ ಬಂದು, ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಮುಖ ತೊಳೆದು ಹೂವಿನಂತೆ ಕೂತಿರುತ್ತಾಳೆ. ಮಗಳು ಶಾಲೆಯಿಂದ ಬರುವುದೂ ನಾಲ್ಕಕ್ಕೇ. ಚೀಲ ಕೆಳಗೆ, ಹುಡುಗಿ ಮೇಲೆ.

ಒಂದು ದಿನ ಊಟಕ್ಕೆ ಕೂತಾಗ ಮಗಳು ಕೇಳಿದಳು. "ಅಮ್ಮ, ಫೋನನ್ನ ಐಪೀಸಿಗೆ ಕೈಲಿ ಹಿಡಿದ್ರೆ ಅಲ್ಲಾಡುತ್ತೆ. ಅಲ್ಲಾಡದ ಹಾಗೆ ನಿಮ್ಮ ಲ್ಯಾಬಲ್ಲಿ ಏನಾದ್ರೂ ಮಾಡ್ಕೊಡ್ತೀಯಾ?"

ನನಗೆ ಎದೆ ಉಬ್ಬಿತು. ಮಗಳು ನನ್ನ ಕೈಕೆಲಸ ಕೇಳುತ್ತಿದ್ದಾಳೆ! ಮಾರನೆಯ ದಿನವೇ ಅಚ್ಚು ತೆಗೆಯುವ ಪೇಸ್ಟನ್ನು ಡಬ್ಬಿಯಲ್ಲಿ ತಂದೆ. ಐಪೀಸಿನ ಅಚ್ಚು ತೆಗೆದೆ. "ಈಗ ಫೋನು ತಾ" ಎಂದೆ. ಅಪ್ಪನ ಫೋನು ತರುತ್ತಾಳೆ ಅಂದುಕೊಂಡಿದ್ದೆ. ಅವಳು ದಡದಡ ಮೆಟ್ಟಿಲು ಹತ್ತಿ ಹೂಬಳ್ಳಿಯ ಕವರಿನ ಫೋನೊಂದನ್ನು ತಂದಳು.

"ಯಾರದೇ ಇದು?"

"ಚಿಕ್ಕಮ್ಮಂದು. ಇದರ ಕ್ಯಾಮೆರಾನೇ ಚೆನ್ನಾಗಿರೋದು. ಬೇಗ ತೆಗಿ, ಅವರಿಗೆ ಫೋನ್ ಬರುತ್ತೆ."

ಪೇಸ್ಟು ಕಲಸಿಯಾಗಿತ್ತು. ಕಲಸಿದ ಮೇಲೆ ಎರಡು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಆ ಎರಡು ನಿಮಿಷದಲ್ಲಿ ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜು ಮೇಣದಣ್ಣನದು. ಮೇಣದಲ್ಲಿ ಹಲ್ಲು ಕೂರಿಸುವವರಾದ್ದರಿಂದ ಆ ಹೆಸರು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಗುಲಾಬಿ ಅಕ್ರಿಲಿಕ್ಕಿನ ಹಿಡಿಕೆಯನ್ನು ಉಜ್ಜುತ್ತಿದ್ದದ್ದು ನೋಡಿ, "ಏನಮ್ಮ ಇದು, ಯಾವ ಪ್ರಾಣಿ ದವಡೆ?" ಎಂದರು.

"ನನ್ನ ವಾರಗಿತ್ತಿ ಫೋನಿಂದು."

"ಹಲ್ಲು ಯಾವಾಗ ಕೂರಿಸ್ತೀಯ?"

"ಅವಳಿಗೆ ಆಗಲೇ ಇದಾವೆ ಬಿಡಿ, ಬೇಕಾದಷ್ಟು."

ಹಿಡಿಕೆ ಮಾತ್ರ ಚೆನ್ನಾಗಿ ಬಂತು. ಐಪೀಸಿಗೆ ತೊಡಿಸಿದರೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಕೆಟ್ಟದಾಗಿ ಮಾಡೋಣವೆಂದರೂ ಕೈ ಕೇಳಬೇಕಲ್ಲ.

ಮೂರನೆಯ ದಿನ ಮನೆಯವರ ಗ್ರೂಪಿನಲ್ಲಿ ಚಂದ್ರನ ಫೋಟೊ ಬಂತು. ಗುಂಡಿಗಳು, ಗುಡ್ಡಗಳು, ಗುಡ್ಡದ ನೆರಳು ಎಲ್ಲ ಎಣಿಸುವಷ್ಟು ಸ್ಪಷ್ಟ. ಬೇರೆ ಊರಲ್ಲಿರುವ ಅತ್ತೆ, "ನನ್ನ ಸೊಸೆ ಚಂದ್ರನ್ನೇ ಮನೆಗೆ ತಂದಳು" ಎಂದು ಬರೆದರು. ಯಾವ ಸೊಸೆ ಎಂದು ಬಿಡಿಸಿ ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ.

ವಾರಗಿತ್ತಿ ಅಂದು ಕೆಳಗಿಳಿದು ಬಂದು ನನಗೂ ಪಾಠ ಮಾಡಿದಳು. "ಅಕ್ಕಾ, ಒಂದೇ ಫೋಟೊ ಹೊಡೆದ್ರೆ ಗಾಳಿ ಅಲ್ಲಾಡಿ ಕಲಸಿದ ಹಾಗೆ ಬರುತ್ತೆ. ಅದಕ್ಕೆ ವಿಡಿಯೊ ಮಾಡೋದು. ಎರಡು ನಿಮಿಷದ ವಿಡಿಯೊದಲ್ಲಿ ಮೂರೂವರೆ ಸಾವಿರ ಚಿತ್ರ ಇರುತ್ತೆ. ಅದರಲ್ಲಿ ಗಾಳಿ ಸುಮ್ಮನಿದ್ದ ಗಳಿಗೆಯ ಚಿತ್ರ ಮಾತ್ರ ಆರಿಸಿ ಒಂದರ ಮೇಲೊಂದು ಪೇರಿಸಿದ್ರೆ ಹೀಗೆ ಚೂಪಾಗುತ್ತೆ. ಆರಿಸೋದೆಲ್ಲ ನಿಮ್ಮ ಮಗಳೇ. ಎಷ್ಟು ತಾಳ್ಮೆ ಅಂತೀರಾ ಅವಳಿಗೆ!"

ನನ್ನ ಮಗಳ ತಾಳ್ಮೆಯನ್ನು ಇವಳು ನನಗೆ ಪರಿಚಯ ಮಾಡಿಸುತ್ತಿದ್ದಳು. ತಲೆಯಾಡಿಸಿದೆ. ಏಳು ವರ್ಷದ ನನ್ನ ಸಂಜೆಗಳನ್ನೂ ಹಾಗೇ ಆರಿಸಿ ಪೇರಿಸಿದರೆ ಮಗಳ ಪಾಲಿಗೆ ಎಷ್ಟು ಉಳಿದೀತು ಎಂದು ಲೆಕ್ಕ ಹಾಕಲು ಹೋಗಿ, ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ನಗರದ ಗ್ರಂಥಾಲಯದಲ್ಲಿ ಶಾಲಾ ಮಕ್ಕಳು ತೆಗೆದ ಆಕಾಶದ ಫೋಟೊಗಳ ಪ್ರದರ್ಶನ ಇಡುತ್ತಾರಂತೆ. ಅದಕ್ಕೆ ಚಂದ್ರ ಸಾಲದು, ಚಂದ್ರನನ್ನು ಎಲ್ಲರೂ ತರುತ್ತಾರೆ, ಶನಿಯನ್ನು ಹಿಡಿಯಬೇಕು ಎಂದು ಇಬ್ಬರೂ ಮೆಟ್ಟಿಲ ಮೇಲೆ ಕೂತು ಪಿಸುಗುಟ್ಟುತ್ತಿದ್ದದ್ದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ಇನ್ನು ಮೂರೇ ವಾರ, ಆಮೇಲೆ ಶನಿ ಸೂರ್ಯನ ಬೆಳಕಿನೊಳಗೆ ಹೋಗಿಬಿಡುತ್ತೆ, ಈ ವರ್ಷಕ್ಕೆ ಸಂಜೆ ಹೊತ್ತು ಮತ್ತೆ ಸಿಗಲ್ಲ ಎಂದಳು ವಾರಗಿತ್ತಿ. ನನ್ನ ಮಗಳು ಏನೋ ಹೇಳಿದಳು, ಕೇಳಿಸಲಿಲ್ಲ. ವಾರಗಿತ್ತಿ ನಕ್ಕಳು.

ಮಗಳು ಬಂದು ನೆನಪಿಸುತ್ತಾಳೆ ಎಂದು ಕಾದೆ. ಅಮ್ಮ, ನೀನು ಮಾತು ಕೊಟ್ಟಿದ್ದೆಯಲ್ಲ ಎನ್ನಲಿ ಎಂದು ಕಾದೆ. ನೆನಪಿದೆಯೇ ಎಂದು ನಾನೇ ಕೇಳಬಹುದಿತ್ತು. ಕೇಳಿದರೆ, ಯಾವ ಮಾತು ಎಂದುಬಿಟ್ಟರೆ?

ಒಂದು ಗುರುವಾರ ಬೆಳಗ್ಗೆ, ಕೈಯಲ್ಲಿ ಯಾರದೋ ಕೆಳದವಡೆ ಹಿಡಿದು ಕೂತಿದ್ದಾಗ ಫೋನು ಗುಂಯ್ ಎಂದಿತು. ಕಪ್ಪು ಚೌಕದ ನಡುವೆ ಕಾಳಿನಷ್ಟು ಅಗಲದ ಹಳದಿ ಚುಕ್ಕೆ, ಅದರ ಸುತ್ತ ಓರೆಯಾಗಿ ಉಂಗುರ. ಕೆಳಗೆ ವಾರಗಿತ್ತಿಯ ಬರಹ: "ಶನಿ ಸಿಕ್ಕಿತು! ನಮ್ಮ ಹಿತ್ತಲಿಂದ, ನಾವಿಬ್ಬರೂ. ಸುತ್ತ ಸ್ವಲ್ಪ ಮಬ್ಬಿದೆ, ಕನ್ನಡಿ ಮೇಲೆ ಧೂಳಿರಬೇಕು."

ನಾವಿಬ್ಬರೂ. ಆ ಪದವನ್ನು ನಾಲ್ಕು ಸಲ ಓದಿದೆ. ನಾನು ಕೊಟ್ಟ ಮಾತು, ನನ್ನ ಟೆಲಿಸ್ಕೋಪು, ನಾನು ಮಾಡಿದ ಹಿಡಿಕೆ, ನಾನು ಹೆತ್ತ ಮಗಳು. ಇವಳದು ಒಂದು ಫೋನು, ಒಂದು ಮಧ್ಯಾಹ್ನದ ನಿದ್ದೆ. ದವಡೆಯನ್ನು ಮೇಜಿನ ಮೇಲಿಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮನೆಗೆ ಬಂದಾಗ ಗಂಡ ಖುಷಿಯಲ್ಲಿದ್ದರು. ಅವರು ಲಿಫ್ಟು ರಿಪೇರಿ ಮಾಡುವವರು. ದಿನವೆಲ್ಲ ಕತ್ತಲ ಗುಂಡಿಯಲ್ಲಿ ಒಬ್ಬರೇ ಇದ್ದು ಬರುವುದರಿಂದ ಸಂಜೆ ಮಾತು ಜಾಸ್ತಿ. "ನೋಡಿದ್ಯೇನೇ? ಊರಿನ ಜನಕ್ಕೆಲ್ಲ ಶನಿ ಹಿಡಿಯುತ್ತೆ, ನಮ್ಮನೆಯವರು ಶನೀನೇ ಹಿಡ್ಕೊಂಡು ಬಂದಿದಾರೆ!" ಮೇಲಿನಿಂದಲೂ ನಗು ಕೇಳಿತು. ನಾನು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ.

"ಅಮ್ಮ, ನಿನಗೊಂದು ಹೇಳ್ಬೇಕಿತ್ತು" ಎನ್ನುತ್ತಾ ಮಗಳು ಹಿಂದೆ ಬಂದಳು.

"ನೋಡಿದೆ ಬಿಡು. ಚೆನ್ನಾಗಿದೆ."

"ಅದಲ್ಲಮ್ಮ, ಅದು..."

"ಹೋಮ್‌ವರ್ಕ್ ಆಯ್ತಾ?"

ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು.

ಧೂಳು ಎಂದು ಬರೆದಿದ್ದಳಲ್ಲ, ಆ ಒಂದು ಪದ ನನ್ನ ತಲೆಯೊಳಗೆ ಕೂತಿತು. ಕನ್ನಡಿ ಮಬ್ಬಾಗಿದೆ. ಮಬ್ಬಾದದ್ದಕ್ಕೆ ಹೊಳಪು ಬರಿಸುವುದು ಯಾರ ಕೆಲಸ? ಇವಳಿಗೆ ಬರುತ್ತದೆಯೇ? ಕನ್ನಡಿಯನ್ನು ನಾನು ಪಳಪಳ ಮಾಡಿಬಿಟ್ಟರೆ, ಇದಕ್ಕಿಂತ ಹತ್ತು ಪಾಲು ಚೆನ್ನಾದ ಶನಿಯನ್ನು ನಾನೇ ಹಿಡಿದರೆ, ಆಗ ಗ್ರೂಪಿನಲ್ಲಿ ಯಾರು ಏನು ಬರೆಯುತ್ತಾರೋ ನೋಡಬೇಕು.

ಭಾನುವಾರ ಎಲ್ಲರೂ ಹೊರಗೆ ಹೋಗಿದ್ದಾಗ ಕೊಳವೆಯ ತಳದ ಮೂರು ಸ್ಕ್ರೂಗಳನ್ನು ಬಿಚ್ಚಿದೆ. ದವಡೆಯ ಅಚ್ಚಿಗೆ ಗುರುತು ಹಾಕುವ ಹಾಗೆ, ಯಾವ ಸ್ಕ್ರೂ ಎಷ್ಟು ಸುತ್ತು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡೆ. ಕನ್ನಡಿಯನ್ನು ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯ ಚೀಲದೊಳಗಿಟ್ಟುಕೊಂಡು ಸೋಮವಾರ ಲ್ಯಾಬಿಗೆ ಹೋದೆ.

ತಿರುಗುವ ಗಾಲಿಗೆ ಕೊಡಲಿಲ್ಲ, ಅಷ್ಟು ಬುದ್ಧಿ ಇತ್ತು. ಸೆಟ್ಟಿಗೆ ಕಟ್ಟಕಡೆಯಲ್ಲಿ ಹಚ್ಚುವ ನುಣುಪಾದ ಬಿಳಿ ಪೇಸ್ಟನ್ನು ಹತ್ತಿಗೆ ತಗೊಂಡು ಬೆರಳಲ್ಲೇ ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿದೆ. ಹತ್ತಿ ಕಪ್ಪಾಯಿತು. ನಮ್ಮ ಕೆಲಸದಲ್ಲಿ ಹತ್ತಿ ಕಪ್ಪಾದರೆ ಕೊಳೆ ಬಿಡುತ್ತಿದೆ ಎಂದರ್ಥ. ನನಗೆ ಹುರುಪು ಬಂತು. ಹೊಸ ಹತ್ತಿ ತಗೊಂಡೆ. ಅದೂ ಕಪ್ಪಾಯಿತು. ಏಳು ವರ್ಷದ ಕೊಳೆ, ಬರಲಿ ಬರಲಿ ಎಂದುಕೊಂಡೆ. ಐದನೆಯ ಹತ್ತಿ ಬೆಳ್ಳಗೆ ಉಳಿದಾಗ ಕೆಲಸ ಮುಗಿಯಿತೆಂದು ನಲ್ಲಿಯ ಕೆಳಗೆ ಹಿಡಿದು ತೊಳೆದೆ.

ನೀರು ಜಾರಿದ ಮೇಲೆ ಗಾಜಿನ ಆಚೆ ನನ್ನ ಅಂಗೈ ರೇಖೆಗಳು ಕಾಣಿಸಿದವು.

ತಿರುಗಿಸಿದೆ. ಮತ್ತೆ ತಿರುಗಿಸಿದೆ. ಮೇಣದಣ್ಣ ಎದ್ದು ಬಂದು ನೋಡಿದರು. ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿದರು.

"ಮನೆ ಕನ್ನಡಿಗೆ ಪಾದರಸದ ಬಣ್ಣ ಬೆನ್ನಿಗೆ ಇರುತ್ತೆ, ಮುಂದೆ ಎಷ್ಟು ಉಜ್ಜಿದ್ರೂ ಏನಾಗಲ್ಲ" ಎಂದರು. "ಇದಕ್ಕೆ ಮುಂದೇನೇ ಇತ್ತೇನಮ್ಮ?"

"ಇತ್ತು."

"ಈಗ?"

"ಹತ್ತಿಯಲ್ಲಿದೆ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕನ್ನಡಿಯಲ್ಲದ ಆ ಕನ್ನಡಿಯನ್ನು ಅದೇ ಗುರುತಿಗೆ ಸರಿಯಾಗಿ ಮತ್ತೆ ಕೂರಿಸಿ, ಬೆಡ್‌ಶೀಟು ಹೊದಿಸಿ, ಕೈ ತೊಳೆದುಕೊಂಡೆ. ಆ ವಾರ ನಾಲ್ಕು ದಿನ ಮೋಡ ಕವಿದಿತ್ತು. ಮೋಡಕ್ಕೆ ನಾನು ಅಷ್ಟು ಋಣಿಯಾಗಿದ್ದು ಎಂದೂ ಇಲ್ಲ. ಶುಕ್ರವಾರ ಸಂಜೆ ಆಕಾಶ ಬಿಚ್ಚಿಕೊಂಡಿತು. ಬಸ್ಸಿನ ಕಿಟಕಿಯಿಂದ ಅದನ್ನು ನೋಡುತ್ತಾ ಮನೆ ಹತ್ತಿರವಾಗುವುದೇ ಬೇಡ ಎನ್ನಿಸಿತ್ತು.

ಹಿತ್ತಲಿನಲ್ಲಿ ವಾರಗಿತ್ತಿ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳು ಅವಳ ಪಕ್ಕ ನಿಂತಿದ್ದಳು. ನನ್ನನ್ನು ಕಂಡ ಕೂಡಲೇ ವಾರಗಿತ್ತಿ ಎದ್ದಳು.

"ಅಕ್ಕಾ, ನಿಮ್ಮ ಟೆಲಿಸ್ಕೋಪ್ ಹಾಳು ಮಾಡಿಬಿಟ್ಟೆ."

"ಏನಾಯ್ತು?"

"ಗೊತ್ತಾಗ್ತಿಲ್ಲ. ಫೋನಲ್ಲಿ ಏನೂ ಬರ್ತಿಲ್ಲ, ಬರೀ ಕಪ್ಪು. ಕಣ್ಣಿಟ್ಟು ನೋಡಿದ್ರೆ ಹಿಂದಿನಿಂದ ಯಾರೋ ದೀಪ ಬಿಟ್ಟ ಹಾಗೆ ಎಲ್ಲ ಬೆಳ್ಳಗೆ ಮಬ್ಬು. ಹೋದ ವಾರ ಧೂಳು ಹೋಗ್ಲಿ ಅಂತ ಒಳಗೆ ಗಾಳಿ ಊದಿದ್ದೆ. ಅದರಿಂದಾನೇ ಏನೋ ಆಗಿದೆ. ಮುಟ್ಟಬಾರದಿತ್ತು ನಾನು."

"ಚಿಕ್ಕಮ್ಮ ಬರೀ ಊದಿದ್ದು ಅಮ್ಮ, ಕೈ ಕೂಡ ಹಾಕಿಲ್ಲ" ಎಂದಳು ಮಗಳು.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ ಇರಬೇಕು. ಆದರೆ ಮಗಳು ಅವಳ ಪರ ಮಾತಾಡುತ್ತಾ ಅವಳ ಭುಜದ ಮೇಲೆ ಕೈಯಿಟ್ಟಳು. ಆ ಕೈ ನನ್ನ ಕಣ್ಣಿಗೆ ಬಿತ್ತು.

"ಪರವಾಗಿಲ್ಲ ಬಿಡು" ಎಂದೆ. "ಗೊತ್ತಿಲ್ಲದವರ ಕೈಗೆ ಸಿಕ್ಕಿದ್ರೆ ವಸ್ತುಗಳು ಹಾಗೇ."

ಅವಳ ಮುಖ ಸಣ್ಣಗಾಯಿತು. ಫೋನಿನಿಂದ ಗುಲಾಬಿ ಹಿಡಿಕೆಯನ್ನು ಬಿಡಿಸಿ, ಸೀರೆ ಸೆರಗಿನಿಂದ ಒರೆಸಿ ನನ್ನ ಕೈಗಿತ್ತು ಮೆಟ್ಟಿಲು ಹತ್ತಿ ಹೋದಳು. ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಎರಡು ವರ್ಷದಲ್ಲಿ ಮೊದಲ ಸಲ ಅವಳು ದಣಿದವಳಂತೆ ಮೆಟ್ಟಿಲು ಹತ್ತಿದ್ದಳು, ನಾನು ಹತ್ತುವ ಹಾಗೆ.

ಮಗಳು ಊಟ ಮಾಡಲಿಲ್ಲ. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಚಿಕ್ಕಮ್ಮಂಗೆ ಯಾಕೆ ಹಂಗಂದೆ?"

"ಇನ್ನೇನು ಅನ್ಬೇಕಿತ್ತು? ನೀನು ಅವಳ ಪರ ನಿಲ್ದೆ ಇನ್ಯಾರ ಪರ ನಿಲ್ತೀಯ. ಶನೀನ ತೋರಿಸಿದವಳಲ್ವಾ."

ಅವಳು ತಿರುಗಿದಳು. "ಯಾರು ತೋರಿಸಿದ್ದು? ನಾನಿನ್ನೂ ನೋಡೇ ಇಲ್ಲ."

"ಮತ್ತೆ ಆ ಫೋಟೊ?"

"ಚಿಕ್ಕಮ್ಮ ಫೋನ್ ನೋಡ್ತಾ ಎಡಕ್ಕೆ, ಬಲಕ್ಕೆ ಅಂತಿದ್ರು. ನಾನು ಬೆನ್ನು ತಿರುಗಿಸ್ಕೊಂಡು ಕೊಳವೆ ಸರಿಸೋ ಗುಂಡಿ ತಿರುಗಿಸ್ತಿದ್ದೆ. ಚಿತ್ರ ಆರಿಸಿದ್ದೂ ಆವತ್ತು ಅವರೊಬ್ರೇ. ಗ್ರೂಪಲ್ಲಿ ಬಂತಲ್ಲ, ಅಪ್ಪ ತೋರಿಸಕ್ಕೆ ಬಂದ್ರೆ ಕಣ್ಣು ಮುಚ್ಕೊಂಡೆ. ನಿನಗೆ ಮಾತು ಕೊಟ್ಟಿದ್ನಲ್ಲ! ಅದನ್ನೇ ಹೇಳಕ್ಕೆ ಬಂದ್ರೆ ಹೋಮ್‌ವರ್ಕ್ ಆಯ್ತಾ ಅಂದೆ."

ನಾನು ಹಾಸಿಗೆಯ ಅಂಚಿಗೆ ಕೂತೆ.

"ನಿನಗೆ ನೆನಪಿತ್ತಾ?"

"ನಿನಗೆ ಮರ್ತು ಹೋಗಿದೆ ಅಂದ್ಕೊಂಡಿದ್ದೆ" ಎಂದಳು. "ಚಿಕ್ಕಮ್ಮಂಗೂ ಗೊತ್ತು. ಕಣ್ಣಿಗೆ ಬಟ್ಟೆ ಕಟ್ಕೊಂಡ ಡ್ರೈವರು ಅಂತ ನನ್ನ ಆಡ್ಕೊಂಡು ನಗ್ತಿದ್ರು. ಆಮೇಲೆ, ನಿಮ್ಮಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚಾಗುತ್ತೆ ಕಣೇ ಅಂದ್ರು."

"ನನ್ನ ಕಂಡ್ರಾ? ಯಾಕಂತೆ?"

"ಅವರಿಗೋಸ್ಕರ ಯಾರೂ ಇಷ್ಟು ವರ್ಷ ಕಾದಿಲ್ವಂತೆ."

ಅಂದು ಮಲಗಿದೆ, ನಿದ್ದೆ ಮಾಡಲಿಲ್ಲ. ಬೆಳಗ್ಗೆ ಐದೂವರೆಗೆ ವಾರಗಿತ್ತಿ ಡ್ಯೂಟಿಗೆ ಇಳಿಯುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಸುತ್ತಿ ಬಳಸಿ ಹೇಳಲು ಬರಲಿಲ್ಲ. "ಹಾಳು ಮಾಡಿದ್ದು ನಾನು. ಲ್ಯಾಬಿಗೆ ತಗೊಂಡು ಹೋಗಿ ಕನ್ನಡಿ ಉಜ್ಜಿದೆ. ಹೊಳಪೆಲ್ಲ ಹೋಯ್ತು. ನಿನ್ನೆ ನೀನು ನಿನ್ನ ತಲೆ ಮೇಲೆ ಹಾಕ್ಕೊಂಡಾಗ ಸುಮ್ಮನಿದ್ದೆ. ಸುಮ್ಮನಿದ್ದಿದ್ರೂ ಆಗ್ತಿತ್ತು, ಮೇಲೊಂದು ಮಾತೂ ಅಂದೆ."

ಅವಳು ಕೈಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಯಾಕೆ ಉಜ್ಜಿದ್ರಿ ಅಕ್ಕಾ?"

"ನಿನಗಿಂತ ಚೆನ್ನಾಗಿ ಹಿಡಿಯೋಣ ಅಂತ."

"ನಿನ್ನೆ ರಾತ್ರಿಯೆಲ್ಲ ನಂಗೆ ನಿದ್ದೆ ಬಂದಿಲ್ಲ."

"ಗೊತ್ತು."

"ಇವತ್ತು ನಿಮಗೆ ಬರಲ್ಲ ಬಿಡಿ" ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಗೇಟಿನ ಬಳಿ ನಿಂತು, "ಆ ಮಬ್ಬು ಫೋಟೊನೇ ಕೊಡ್ತೀವಿ ಪ್ರದರ್ಶನಕ್ಕೆ. ಹಿಡಿಕೆ ಮಾಡಿದವರ ಹೆಸರೂ ಹಾಕಿಸ್ತೀನಿ" ಎಂದಳು. ಬೈದಳೋ ಕ್ಷಮಿಸಿದಳೋ ಇವತ್ತಿಗೂ ನನಗೆ ತಿಳಿದಿಲ್ಲ.

ಶನಿವಾರವೂ ನಮಗೆ ಪೂರ್ತಿ ದಿನ ಕೆಲಸ. ನಾಲ್ಕೂವರೆಯ ಸುಮಾರಿಗೆ ಹೊರಗೆ ಬಿಸಿಲು ಕಟ್ಟಡದ ಹಿಂದೆ ಸರಿದು, ನನ್ನ ಮೇಜಿನೆದುರಿನ ಕಿಟಕಿಯ ಗಾಜಿನಲ್ಲಿ ಟ್ಯೂಬ್‌ಲೈಟು ಕಾಣಿಸಿತು. ಅದರ ಕೆಳಗೆ ನನ್ನ ಮುಖವೂ ಇತ್ತು. ಬರೀ ಗಾಜು. ಅದಕ್ಕೆ ಯಾರೂ ಬಣ್ಣ ಬಳಿದಿಲ್ಲ. ಆದರೂ ಆಚೆ ಕತ್ತಲಾದರೆ ಈಚೆಯದನ್ನು ತೋರಿಸುತ್ತದೆ. ಮಂಕಾಗಿ, ಆದರೆ ರೆಪ್ಪೆ ಸಮೇತ.

ಎದ್ದು ಲ್ಯಾಬಿನ ಯಜಮಾನರ ಮೇಜಿನ ಬಳಿ ಹೋಗಿ ಬೇಗ ಬಿಡಬೇಕು ಎಂದೆ. ಒಂಬತ್ತು ವರ್ಷದಲ್ಲಿ ನಾನು ಹಾಗೆ ಕೇಳಿದ್ದು ಅದೇ ಮೊದಲು. ಅವರು ಗಾಬರಿಯಾದರು. "ಯಾರಿಗೆ ಹುಷಾರಿಲ್ಲ?"

"ಎಲ್ಲರೂ ಹುಷಾರಾಗಿದ್ದಾರೆ ಸಾರ್. ಶನಿ ಮುಳುಗುತ್ತೆ."

ಮೇಣದಣ್ಣ ನನ್ನ ಮೇಜಿನ ಮೇಲಿದ್ದ ಎರಡು ಸೆಟ್ಟುಗಳನ್ನು ತಮ್ಮ ಕಡೆ ಎಳೆದುಕೊಂಡು, "ಹೋಗಮ್ಮ, ಇವರ ಬಾಯಿ ನಾನು ಮುಚ್ಚಿಸ್ತೀನಿ" ಎಂದರು.

ಆರೂವರೆಗೆ ಮನೆಯಲ್ಲಿದ್ದೆ. ಮಗಳು ನನ್ನನ್ನು ಕಂಡು ಗಡಿಯಾರ ನೋಡಿದಳು.

"ಶಾಲು ತಾ, ಕಪ್ಪುದು. ಅಡುಗೆಮನೆ ದೀಪ ಆರಿಸು."

ಗಾಜಿನ ಬೆನ್ನಿನಿಂದ ಬೆಳಕು ನುಗ್ಗದ ಹಾಗೆ ಕೊಳವೆಯ ತಳಕ್ಕೆ ಕಪ್ಪು ಶಾಲನ್ನು ಎರಡು ಮಡಿಕೆ ಮಾಡಿ ಬಿಗಿದು ಕಟ್ಟಿದೆ. ಕನ್ನಡಿಗೆ ಏನು ಮಾಡಿದ್ದೆನೆಂದು ಕಟ್ಟುತ್ತಲೇ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಷ್ಟೊಂದು ಉಜ್ಜಿದ್ಯಾ?" ಎಂದಷ್ಟೇ ಕೇಳಿದಳು. ಪಶ್ಚಿಮದಲ್ಲಿ ಶನಿ ಆಗಲೇ ಬೆಳಗಿತ್ತು. ಟ್ಯಾಂಕಿನಿಂದ ಒಂದು ಗೇಣು ಮೇಲೆ. ಅದರ ಕಡೆಗೆ ಕೊಳವೆ ತಿರುಗಿಸಿ, ಶಾಲಿನೊಳಗೆ ಕೈ ತೂರಿಸಿ ತಳದ ಸ್ಕ್ರೂಗಳನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತಾ ಹೋದೆ. ಹಲ್ಲು ಹಲ್ಲಿಗೆ ಕೂರುವಂತೆ ದವಡೆ ಹೊಂದಿಸುವ ಕೈಗೆ ಇದೇನು ಹೊಸದಲ್ಲ. ಮೇಲಿನ ಮನೆಯ ಕಿಟಕಿಯಿಂದ ಬೆಳಕಿನ ಪಟ್ಟಿಯೊಂದು ಹಿತ್ತಲಿಗೆ ಬಿದ್ದು ಅಡ್ಡಿಯಾಗುತ್ತಿತ್ತು. ಕೂಗಿ ಹೇಳಲು ನನಗೆ ಮುಖವಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ದೀಪ ತಾನಾಗಿ ಆರಿತು.

ಕಣ್ಣಿಟ್ಟೆ. ಮೊದಲು ಬರೀ ಕಪ್ಪು. ಉಸಿರು ಹಿಡಿದು ಕಾದೆ. ಮಸಿ ಹಿಡಿದ ಚಿಮಣಿಯ ಹಿಂದೆ ಸಣ್ಣಗೆ ಉರಿಯುವ ಬತ್ತಿಯ ಹಾಗೆ ಒಂದು ಬೆಳಕು ಅಂಚಿನಿಂದ ತೇಲಿಬಂತು. ಐಪೀಸಿನ ಗುಂಡಿ ತಿರುಗಿಸಿ ಚೂಪು ಮಾಡಿದೆ. ಮಂಕು, ಬಹಳ ಮಂಕು. ಆದರೆ ಉಂಗುರ ಇತ್ತು.

"ಬಾ" ಎಂದೆ. "ಕಣ್ಣು ಒತ್ತಬೇಡ. ಕತ್ತಲಿಗೆ ಹೊಂದಿಕೊಳ್ಳೋ ತನಕ ತಾಳು."

ಅವಳು ಬಗ್ಗಿದಳು. ಆರು ವರ್ಷದವಳಾಗಿದ್ದಾಗ ಸ್ಟೂಲು ಹತ್ತಿಸಬೇಕಾಗಿತ್ತು, ಈಗ ಬೆನ್ನು ಬಗ್ಗಿಸಬೇಕು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಕಾಣಿಸಲಿಲ್ಲವೇನೋ ಎಂದು ಶಾಲಿನ ಗಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ.

"ಅಮ್ಮ" ಎಂದಳು ಕಣ್ಣು ತೆಗೆಯದೆ, "ಉಂಗುರ ಅದಕ್ಕೆ ಅಂಟಿಕೊಂಡಿಲ್ಲ. ಮಧ್ಯ ಜಾಗ ಇದೆ."

"ಹೂಂ."

"ಸುಮ್ಮನೆ ನಿಂತಿದೆ."

"ಹೂಂ."

ಶನಿ ಅಂಚಿಗೆ ಜಾರಿದಾಗಲೆಲ್ಲ ನಾನು ಕೊಳವೆ ಸರಿಸುವ ಗುಂಡಿ ತಿರುಗಿಸಿ ಮತ್ತೆ ನಡುವಿಗೆ ತಂದೆ. ನಾನು ಬೆನ್ನು ತಿರುಗಿಸಿರಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಎರಡು ನಿಮಿಷವೋ ಮೂರೋ. ಆಮೇಲೆ ಅವಳು ತಲೆ ಎತ್ತಿ ಮೇಲಿನ ಕಿಟಕಿ ನೋಡಿದಳು.

"ಚಿಕ್ಕಮ್ಮನ್ನ ಕರೀಲಾ?"

ಮತ್ತೆ ಅದೇ ಹೊಟ್ಟೆಕಿಚ್ಚು. ಎಲ್ಲ ಹೇಳಿಕೊಂಡ ಮೇಲೆ ಅದು ಹೋಗಿರುತ್ತದೆ ಎಂದುಕೊಂಡಿದ್ದೆ. ಹೋಗಿರಲಿಲ್ಲ.

"ಕರಿ" ಎಂದೆ.

ವಾರಗಿತ್ತಿ ಇಳಿದು ಬಂದಳು. ನನ್ನ ಬಳಿಯಿದ್ದ ಗುಲಾಬಿ ಹಿಡಿಕೆಯನ್ನು ಕೇಳಿ ಇಸಿದುಕೊಂಡು ಫೋನಿಗೆ ತೊಡಿಸಿ ಪ್ರಯತ್ನಿಸಿದಳು. ಪರದೆಯ ಮೇಲೆ ಕಪ್ಪು, ಅದರೊಳಗೆ ಬೂದಿಯಂಥ ಒಂದು ಕಲೆ.

"ಫೋನಿಗೆ ಬರಲ್ಲ ಅಕ್ಕಾ. ಕಣ್ಣಿಗೆ ಮಾತ್ರ."

ಗ್ರೂಪಿಗೆ ಹಾಕಲು ಏನೂ ಇಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಅವಳು ಫೋನು ಬಿಚ್ಚಿ ತಾನೂ ಕಣ್ಣಿಟ್ಟು ನೋಡಿದಳು. ಏಳು ಗಂಟೆ ನಲವತ್ತಕ್ಕೆ ಶನಿ ಟ್ಯಾಂಕಿನ ಹಿಂದೆ ಹೋಯಿತು. ನನ್ನ ಮಗಳಿಗೆ ಅದನ್ನು ಮೊದಲು ತೋರಿಸಿದವಳು ನಾನು. ಕೊಟ್ಟ ಮಾತನ್ನು ನಡೆಸಿಕೊಟ್ಟೆ.